ಮೊಣಕಾಲಿಗೆ ಕೊಟ್ಟ ಮದ್ದು ಹೋಗುವುದಾದರೂ ಎಲ್ಲಿಗೆ?

"ಕೂತ್ರ ಏಳಾಕ ಬರಂಗಿಲ್ಲ, ಎದ್ರ ಕೂಡಾಕ ಬರಂಗಿಲ್ಲ. ಈ ಮಣಕಾಲು ಇದ್ದೂ ಇಲ್ಲದಂಗ ಆಗ್ಯಾವ ನೋಡವಾ..."

ಸವಣೂರಿನಿಂದ ನಮ್ಮ ಅತ್ತೆ ಫೋನು ಮಾಡಿದರೆ ಮೊದಲ ಮಾತೇ ಇದು. ಮೊಮ್ಮಕ್ಕಳ ವಿಚಾರ ಆಮೇಲೆ. ಅವರದು ಎಲೆಬಳ್ಳಿ ತೋಟದ ಮನೆ. ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ ಕುಕ್ಕರುಗಾಲಿನಲ್ಲಿ ಕೂತು ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟಿದವರು. ಈಗ ಮೊಣಕಾಲು ಲೆಕ್ಕ ಕೇಳುತ್ತಿದೆ.

ಹೋದ ದೀಪಾವಳಿಗೆ ಹಾನಗಲ್ಲಿನಿಂದ ನಾವೆಲ್ಲ ಸವಣೂರಿಗೆ ಹೋಗಿದ್ದೆವು. ಪಾಡ್ಯದ ದಿನ ಮಧ್ಯಾಹ್ನ ಅತ್ತೆ ನನ್ನನ್ನು ಒಳಕೋಣೆಗೆ ಕರೆದು ಕೈಯಲ್ಲಿನ ಪಾಟ್ಲಿ ತೋರಿಸಿ, "ಇದನ್ನ ಮಾರಿಸಿ ಕೊಡವಾ, ನಿನ್ನ ಗಂಡಗ ಹೇಳಬ್ಯಾಡ" ಅಂದರು. ನನಗೆ ಎದೆ ಧಸಕ್ಕೆಂದಿತು. ಆ ಪಾಟ್ಲಿ ಅವರ ತಾಯಿ ಕೊಟ್ಟದ್ದು. ದಿಂಬಿನ ಕೆಳಗಿನಿಂದ ಒಂದು ಬಣ್ಣದ ಕಾಗದ ತೆಗೆದರು. ಬಳಗದವರೊಬ್ಬರು ತಂದುಕೊಟ್ಟದ್ದು. 'ಸವೆದ ಕೀಲು ಮತ್ತೆ ಬೆಳೆಯುತ್ತದೆ! ಆಪರೇಷನ್ ಬೇಡ! ಮೂರೇ ಇಂಜೆಕ್ಷನ್!' ಒಂದು ಕಾಲಿಗೆ ನಲವತ್ತು ಸಾವಿರ ರೂಪಾಯಿ. ಎರಡಕ್ಕೆ ಎಂಬತ್ತು.

ನಾನು ಬಿ.ಎ. ಓದಿದವಳು. ವಿಜ್ಞಾನದ ಪುಸ್ತಕ ಎಸ್ಸೆಸ್ಸೆಲ್ಸಿಗೇ ಮುಚ್ಚಿಟ್ಟಿದ್ದೆ. ಆದರೆ ಪಾಟ್ಲಿ ಮಾರುವ ಮೊದಲು ತಿಳಿದುಕೊಳ್ಳಬೇಕಲ್ಲ? "ಅತ್ತಿ, ಒಂದು ತಿಂಗಳು ಟೈಮ್ ಕೊಡ್ರಿ" ಎಂದೆ. ಆ ಒಂದು ತಿಂಗಳಲ್ಲಿ ಡಾಕ್ಟರರನ್ನು ಕೇಳಿ, ಓದಿ, ಮಗಳ ಪಿಯುಸಿ ಬಯಾಲಜಿ ಪುಸ್ತಕ ತಿರುವಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಬಣ್ಣದ ಕಾಗದ ದಿಂಬಿನ ಕೆಳಗೆ ಇರಬಹುದು!

ಸವೆಯುವುದು ಏನು?

ನಾವು 'ಮೂಳೆ ಸವೆದಿದೆ' ಅಂತೇವೆ. ನಿಜವಾಗಿ ಮೊದಲು ಸವೆಯುವುದು ಮೂಳೆಯಲ್ಲ, ಮೂಳೆಯ ತುದಿಗೆ ಹೊದಿಸಿದ ನುಣುಪಾದ ಬಿಳಿ ಪದರ. ಪುಸ್ತಕದಲ್ಲಿ ಮೃದ್ವಸ್ಥಿ ಎನ್ನುತ್ತಾರೆ, ಡಾಕ್ಟರು ಕಾರ್ಟಿಲೇಜ್ ಎನ್ನುತ್ತಾರೆ. ಮಾಂಸಾಹಾರಿ ಮನೆಯವರು ಕೋಳಿಕಾಲಿನ ಎಲುಬಿನ ತುದಿಯಲ್ಲಿ ನೋಡಿರುತ್ತೀರಿ, ಬೆಳ್ಳಗೆ ಮಿರಿಮಿರಿ ಮಿಂಚುವ ಭಾಗ, ಅದೇ. ಮನುಷ್ಯರ ಮೊಣಕಾಲಿನಲ್ಲಿ ಇದರ ದಪ್ಪ ಸುಮಾರು 2ರಿಂದ 4 ಮಿಲಿಮೀಟರು. ಅಷ್ಟು ತೆಳುವಾದದ್ದು ಇಡೀ ಜೀವಮಾನ ನಮ್ಮ ಭಾರ ಹೊರುತ್ತದೆ.

ಇದರ ಮುಕ್ಕಾಲು ಭಾಗ ನೀರೇ. ಆ ನೀರನ್ನು ಹಿಡಿದಿಡಲು ಕೊಲಾಜೆನ್ ಎಂಬ ನಾರಿನ ಬಲೆ, ಬಲೆಯೊಳಗೆ ನೀರು ಹೀರಿ ಉಬ್ಬುವ ಅಣುಗಳು. ಕಾಲು ಊರಿದಾಗ ಸ್ಪಂಜಿನಂತೆ ಒತ್ತಿ ನೀರು ಹೊರಬರುತ್ತದೆ, ಎತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ಅದರೊಳಗೆ ಅಲ್ಲೊಂದು ಇಲ್ಲೊಂದು ಜೀವಕೋಶ, ಆ ದೊಡ್ಡ ಮನೆಗೆ ಒಬ್ಬಿಬ್ಬರೇ ಕೆಲಸದವರು ಇದ್ದಂತೆ. ಅವು ಹಳೆಯದನ್ನು ತೆಗೆದು ಹೊಸದನ್ನು ನೇಯುತ್ತಿರಬೇಕು. ವಯಸ್ಸು, ತೂಕ, ಪೆಟ್ಟು, ಮನೆತನದ ಗುಣ... ಯಾವುದೋ ಕಾರಣಕ್ಕೆ ನೇಯುವುದಕ್ಕಿಂತ ಹರಿಯುವುದು ಹೆಚ್ಚಾದರೆ ಅದೇ ಆಸ್ಟಿಯೊ ಆರ್ಥ್ರೈಟಿಸ್, ಸವೆತದ ಸಂಧಿವಾತ.

ಇನ್ನೊಂದು ಸಂಗತಿ ಕೇಳಿ. ಈ ಪದರಕ್ಕೆ ನರವೇ ಇಲ್ಲ. ಸವೆಯುವಾಗ ಅದು ಕೂಗುವುದೇ ಇಲ್ಲ! ನೋವು ಬರುವುದು ಸುತ್ತಲಿನ ಪೊರೆ ಊದಿಕೊಂಡಾಗ, ಕೆಳಗಿನ ಮೂಳೆಗೆ ಏಟು ತಟ್ಟಿದಾಗ. 'ನಿನ್ನೆ ಮೊನ್ನೆ ಶುರುವಾತು' ಅಂತ ನಾವು ಅಂದುಕೊಳ್ಳುವ ಹೊತ್ತಿಗೆ ಎಷ್ಟೋ ವರ್ಷ ಕಳೆದಿರುತ್ತದೆ.

ರಸ್ತೆಯೇ ಇಲ್ಲದ ಊರು

ಹೊಟ್ಟೆನೋವಿಗೆ ಗುಳಿಗೆ ನುಂಗಿದರೆ ಕಡಿಮೆಯಾಗುತ್ತದೆ. ಜ್ವರಕ್ಕೂ ಅಷ್ಟೆ. ಹಾಗಾದರೆ ಮೊಣಕಾಲಿನ ಈ ಪದರಕ್ಕೆ ಯಾಕೆ ಒಂದು ಔಷಧಿ ಇಲ್ಲ? ನನ್ನನ್ನು ಕಾಡಿದ್ದು ಇದೇ ಪ್ರಶ್ನೆ.

ನಾವು ನುಂಗಿದ್ದು ರಕ್ತಕ್ಕೆ ಸೇರಿ, ರಕ್ತದ ಜೊತೆ ಮೈಯೆಲ್ಲ ತಿರುಗುತ್ತದೆ. ಆದರೆ ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ. ಅದು ರಸ್ತೆಯೇ ಇಲ್ಲದ ಊರು. ಅದಕ್ಕೆ ಊಟ ಬರುವುದು ಕೀಲಿನೊಳಗಿನ ಎಣ್ಣೆಯಂಥ ದ್ರವದಿಂದ, ಅದೂ ನಾವು ನಡೆದಾಡಿ ಸ್ಪಂಜು ಒತ್ತಿ ಬಿಟ್ಟಾಗ. ನುಂಗಿದ ಗುಳಿಗೆಯಲ್ಲಿ ಆ ಪದರದವರೆಗೆ ಮುಟ್ಟುವುದು ಎಷ್ಟು ಅಲ್ಪ ಅಂತ ನೀವೇ ಊಹಿಸಿ. ಹೆಚ್ಚು ಮುಟ್ಟಲಿ ಅಂತ ಡೋಸ್ ಏರಿಸಿದರೆ ಹೊಟ್ಟೆ, ಕಿಡ್ನಿ ಸುಮ್ಮನಿರಬೇಕಲ್ಲ?

ಸರಿ, ನೇರವಾಗಿ ಕೀಲಿಗೇ ಸೂಜಿ ಚುಚ್ಚಿದರೆ? ಅಲ್ಲಿಯೂ ತೊಂದರೆ. ಕೀಲಿನ ದ್ರವ ನಿಂತ ನೀರಲ್ಲ, ಹಳೆಯದು ಹೋಗಿ ಹೊಸದು ಬರುತ್ತಲೇ ಇರುತ್ತದೆ. ಚಿಕ್ಕ ಅಣುವಿನ ಔಷಧಿ ಹಾಕಿದರೆ ಬಹುಪಾಲು ಕೆಲವೇ ಗಂಟೆಗಳಲ್ಲಿ ತೊಳೆದು ಹೋಗುತ್ತದೆ. ದೊಡ್ಡ ಅಣು ಹಾಕಿದರೆ ಬಲೆಯೊಳಗೆ ನುಗ್ಗುವುದಿಲ್ಲ.

ಮಾವಿನಕಾಯಿ ಉಪ್ಪಿನಕಾಯಿ ಹಾಕುವಾಗ ನೋಡಿದ್ದೀರಲ್ಲ? ಉಪ್ಪು ಹೋಳಿನೊಳಗೆ ಇಳಿಯುತ್ತದೆ, ಖಾರದ ಪುಡಿ ಹೊರಗೇ ಅಂಟಿಕೊಂಡಿರುತ್ತದೆ. ನಮ್ಮ ಹಾನಗಲ್ಲಿನ ಮಾವಿನ ಸುಗ್ಗಿಯಲ್ಲಿ ಜಾಡಿ ತುಂಬುತ್ತ ನನಗೆ ಇದು ಹೊಳೆಯಿತು. ವಿಜ್ಞಾನಿಗಳಿಗೆ ಬೇಕಾಗಿರುವುದು ಉಪ್ಪಿನಂತೆ ಒಳಗಿಳಿದು, ಒಳಗೇ ಉಳಿದು, ತಿಂಗಳುಗಟ್ಟಲೆ ಕೆಲಸ ಮಾಡುವ ಮದ್ದು. ಇಳಿದದ್ದು ಉಳಿಯುವುದಿಲ್ಲ, ಉಳಿದದ್ದು ಇಳಿಯುವುದಿಲ್ಲ! ಜಗತ್ತಿನಾದ್ಯಂತ ಪ್ರಯೋಗಾಲಯಗಳಲ್ಲಿ ನಡೆದಿರುವ ಒದ್ದಾಟ ಇಷ್ಟೇ.

ನಮ್ಮ ಬೆಂಗಳೂರಿನಲ್ಲೇ ನಡೆದ ಕೆಲಸ

ಈ ಒದ್ದಾಟದಲ್ಲಿ ನಮ್ಮ ಕರ್ನಾಟಕದ ಪಾಲೂ ಇದೆ ಅಂತ ತಿಳಿದಾಗ ನಿಜಕ್ಕೂ ಖುಷಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವುದು, ಅಲ್ಲಿ ಡಾ. ರಚಿತ್ ಅಗರ್‌ವಾಲ್ ಅವರ ತಂಡ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ತಂಡದಲ್ಲಿ ಈ ಕೆಲಸ ಮುಂದೆ ನಿಂತು ಮಾಡಿದವರು ಕಾಮಿನಿ ಧನಬಾಲನ್ ಎಂಬ ಮಹಿಳೆ.

ಅವರು ಬಳಸಿದ ಔಷಧಿ ಹೊಸದಲ್ಲ. ಹೆಸರು ರಾಪಾಮೈಸಿನ್. ಕಿಡ್ನಿ ಬದಲಿಸಿಕೊಂಡವರಿಗೆ ಕೊಡುವ ಔಷಧಿ. ಇದರ ಕತೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಒಂದು ಫ್ರಿಜ್ಜು ಬರುತ್ತದೆ! 1964ರಲ್ಲಿ ಕೆನಡಾದ ಒಂದು ತಂಡ ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದಿಂದ ಮಣ್ಣು ತಂದಿತ್ತು. ಆ ದ್ವೀಪಕ್ಕೆ ಅಲ್ಲಿಯವರ ಹೆಸರು ರಾಪಾ ನುಯಿ. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಈ ಔಷಧಿಯನ್ನು ಬೇರ್ಪಡಿಸಿದವರು ಭಾರತ ಮೂಲದ ವಿಜ್ಞಾನಿ ಸುರೇನ್ ಸೆಹಗಲ್. ಎಂಬತ್ತರ ದಶಕದಲ್ಲಿ ಕಂಪನಿ ಆ ಕೆಲಸವನ್ನೇ ಕೈಬಿಟ್ಟಾಗ, ಅವರು ಒಂದಿಷ್ಟನ್ನು ಮನೆಗೆ ತಂದು ಫ್ರೀಜರಿನಲ್ಲಿ 'ತಿನ್ನಬೇಡಿ' ಎಂದು ಬರೆದು ಇಟ್ಟುಕೊಂಡಿದ್ದರಂತೆ. ಮನೆಯಾಕೆ ಅದನ್ನು ಎಸೆಯದೆ ಇದ್ದದ್ದೇ ದೊಡ್ಡದು. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಮೊಣಕಾಲಿಗೂ ಅದಕ್ಕೂ ಏನು ಸಂಬಂಧ? ಜೀವಕೋಶಗಳು ದಿನಾ ತಮ್ಮೊಳಗಿನ ಕಸ ಗುಡಿಸಿಕೊಳ್ಳಬೇಕು. ವಯಸ್ಸಾದಂತೆ, ಒತ್ತಡ ಬಿದ್ದಂತೆ ಈ ಗುಡಿಸುವ ಕೆಲಸ ನಿಧಾನವಾಗುತ್ತದೆ. ಕೆಲವು ಕೋಶಗಳು ಸಾಯುವುದೂ ಇಲ್ಲ, ಕೆಲಸ ಮಾಡುವುದೂ ಇಲ್ಲ, ಸುಮ್ಮನೆ ಕೂತು ಪಕ್ಕದವರನ್ನೂ ಕೆಡಿಸುತ್ತವೆ. ಇಂಥವರು ಎಲ್ಲ ಕಡೆ ಇರುತ್ತಾರೆ ಬಿಡಿ. ರಾಪಾಮೈಸಿನ್ ಗುಡಿಸುವ ಕೆಲಸವನ್ನು ಮತ್ತೆ ಚುರುಕು ಮಾಡುತ್ತದೆ. ಆದರೆ ಇದು ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ. ಮೊಣಕಾಲು ನೋವಿಗೆಂದು ದಿನಾ ನುಂಗುವಂಥದ್ದಲ್ಲ. ಕೀಲಿಗೆ ಚುಚ್ಚಿದರೆ ಬೇಗ ತೊಳೆದು ಹೋಗುತ್ತದೆ.

ಇಲ್ಲಿಯೇ ತಂಡದ ಜಾಣತನ. ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳೊಳಗೆ ತುಂಬಿದರು. ಗುಂಡು ಮಾಡಿದ್ದು ಪಿಎಲ್‌ಜಿಎ ಎಂಬ ವಸ್ತುವಿನಿಂದ. ಸಿಸೇರಿಯನ್ ಆದವರಿಗೆ ಗೊತ್ತು, ಒಳಗೆ ಹಾಕಿದ ಹೊಲಿಗೆ ತಾನೇ ಕರಗುತ್ತದೆ, ತೆಗೆಯಬೇಕಿಲ್ಲ ಅಂತ ಹೇಳಿರುತ್ತಾರಲ್ಲ? ಅಂಥ ದಾರಕ್ಕೂ ಇದೇ ಜಾತಿಯ ವಸ್ತು ಬಳಸುತ್ತಾರೆ. ಗುಂಡು ನಿಧಾನವಾಗಿ ಕರಗುತ್ತ ಔಷಧಿಯನ್ನು ಹನಿಹನಿಯಾಗಿ ಬಿಡುತ್ತದೆ. ಗಿಡಕ್ಕೆ ಡ್ರಿಪ್ ಇಟ್ಟಂತೆ. ಮೊದಲು ಪ್ರಯೋಗಾಲಯದಲ್ಲಿ ಬೆಳೆಸಿದ ಕಾರ್ಟಿಲೇಜ್ ಕೋಶಗಳಿಗೆ ಒತ್ತಡ ಕೊಟ್ಟು ನೋಡಿದರು, ಗುಂಡು ಹಾಕಿದ ಕೋಶಗಳು ಮುಪ್ಪಾಗದೆ ತಮ್ಮ ನೇಯುವ ಕೆಲಸ ಮುಂದುವರಿಸಿದವು. ಇಲಿಗಳ ಕೀಲಿಗೆ ಹಾಕಿದಾಗ ಗುಂಡುಗಳು ಸುಮಾರು 30 ದಿನ ಅಲ್ಲೇ ಉಳಿದವು. ಆನಂತರದ ಅಧ್ಯಯನದಲ್ಲಿ, ಕೀಲಿಗೆ ಪೆಟ್ಟಾದ ಇಲಿಗಳಲ್ಲಿ ಸವೆತ ಕಡಿಮೆಯಾದದ್ದೂ ಕಂಡಿತು.

ಗಂಟೆಗಳ ಲೆಕ್ಕ ತಿಂಗಳಿಗೆ ಬಂತು ಅಂದರೆ ಸಣ್ಣ ಮಾತಲ್ಲ. ಆದರೆ ಮತ್ತೊಮ್ಮೆ ಓದಿ: ಇಲಿಗಳಲ್ಲಿ.

ಅಂಟಬೇಕು, ಆದರೆ ಬಾಗಿಲಲ್ಲೇ ಅಂಟಬಾರದು

ಬೆಂಗಳೂರಿನವರ ಗುಂಡುಗಳು ಕೀಲಿನೊಳಗೆ ಕೂತು ಔಷಧಿ ಬಿಡುತ್ತವೆ, ಪದರದೊಳಗೆ ತಾವೇ ಹೋಗುವುದಿಲ್ಲ. ಅಮೆರಿಕದ ಎಂಐಟಿ ಸಂಸ್ಥೆಯವರು ಇನ್ನೊಂದು ದಾರಿ ಹಿಡಿದರು. ಔಷಧಿಯನ್ನೇ ಒಳಗೆ ಎಳೆದುಕೊಳ್ಳುವಂತೆ ಮಾಡುವುದು.

ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರಿಗೆ ಹಿಡಿದರೆ ಎಳೆಯುತ್ತದಲ್ಲ, ಅದೇ ವಿದ್ಯುದಾವೇಶದ ಆಟ. ಕಾರ್ಟಿಲೇಜಿನೊಳಗೆ ನೀರು ಹಿಡಿದಿಡುವ ಅಣುಗಳಲ್ಲಿ ಋಣ ಆವೇಶ ತುಂಬಿರುತ್ತದೆ. ಹಾಗಾಗಿ ಔಷಧಿಗೆ ಧನ ಆವೇಶ ಕೊಟ್ಟರೆ ಆ ಪದರವೇ ಅದನ್ನು ಒಳಗೆ ಸೆಳೆದುಕೊಳ್ಳುತ್ತದೆ. ಸುಲಭ ಅನ್ನಿಸುತ್ತದೆ, ಅಲ್ಲವೇ? ಆದರೆ ಆವೇಶ ಹೆಚ್ಚಾದರೆ ಔಷಧಿ ಹೊರಗಿನ ಮೈಗೇ ಗಟ್ಟಿಯಾಗಿ ಅಂಟಿ ಅಲ್ಲೇ ಉಳಿದುಬಿಡುತ್ತದೆ. ಹಂಚು ತೀರಾ ಕಾದಿದ್ದರೆ ದೋಸೆ ಹಿಟ್ಟು ಹೊಯ್ದಲ್ಲೇ ಹಿಡಿದುಕೊಂಡು ಹರಡುವುದಿಲ್ಲ, ಹಾಗೆ. ಕಡಿಮೆಯಾದರೆ ತೊಳೆದು ಹೋಗುತ್ತದೆ. ಹದ ಬೇಕು. ಔಷಧಿಯ ಅಣು ಕಟ್ಟುವವರೂ ಹದ ನೋಡುತ್ತಾರೆ ಅಂತ ಗೊತ್ತಾದಾಗ ನನಗೆ ಆ ವಿಜ್ಞಾನಿಗಳು ಇದ್ದಕ್ಕಿದ್ದಂತೆ ಹತ್ತಿರದವರು ಅನ್ನಿಸಿದರು!

ಪೌಲಾ ಹ್ಯಾಮಂಡ್ ಮತ್ತು ಅಲನ್ ಗ್ರಾಡ್ಜಿನ್‌ಸ್ಕಿ ಅವರ ತಂಡ 2018ರಲ್ಲಿ ಈ ಹದ ಹುಡುಕಿತು. ಮರದ ಕೊಂಬೆಗಳಂತೆ ಕವಲೊಡೆದ ಒಂದು ಸಣ್ಣ ಅಣುವಿಗೆ ಬೆಳವಣಿಗೆಯ ಪ್ರೋಟೀನು ಕಟ್ಟಿ ಇಲಿಗಳ ಕೀಲಿಗೆ ಕೊಟ್ಟರು. ಸುಮಾರು 30 ದಿನಗಳವರೆಗೂ ಅದು ಕೀಲಿನಲ್ಲಿ ಸಿಕ್ಕಿತು. ಇಲಿಯ ಕಾರ್ಟಿಲೇಜ್ ಮಿಲಿಮೀಟರಿನ ಹತ್ತನೇ ಒಂದು ಭಾಗ ಮಾತ್ರ ದಪ್ಪ, ನಮ್ಮದು ಅದಕ್ಕಿಂತ ಎಷ್ಟೋ ದಪ್ಪ. ಅದಕ್ಕೆ ದನದ ಕೀಲಿನ ದಪ್ಪ ತುಂಡನ್ನೂ ತೆಗೆದುಕೊಂಡು ನೋಡಿದರು, ಅದರೊಳಗೂ ಇಳಿಯಿತು.

ಪದರ ಬೆಳೆಯಿತು, ನೋವು?

ಮನುಷ್ಯರ ಮೇಲೆ ನೋಡಿದ್ದೂ ಇದೆ. ಸ್ಪ್ರಿಫರ್ಮಿನ್ ಎಂಬ ಪ್ರೋಟೀನು ಔಷಧಿಯನ್ನು 549 ಜನರ ಮೇಲೆ ಪರೀಕ್ಷಿಸಿ 2019ರಲ್ಲಿ ವರದಿ ಬಂತು. ಎರಡು ವರ್ಷದಲ್ಲಿ ಹೆಚ್ಚಿನ ಡೋಸ್ ತೆಗೆದುಕೊಂಡವರ ಪದರ ಸರಾಸರಿ 0.03 ಮಿಲಿಮೀಟರಿನಷ್ಟು ದಪ್ಪವಾಗಿತ್ತು, ಬರೀ ನೀರಿನಂಥ ಇಂಜೆಕ್ಷನ್ ಪಡೆದವರದು 0.02 ಮಿಲಿಮೀಟರು ತೆಳುವಾಗಿತ್ತು. ಅಂದರೆ ಇಬ್ಬರ ನಡುವಿನ ವ್ಯತ್ಯಾಸ 0.05 ಮಿಲಿಮೀಟರು, ನೋಟ್‌ಬುಕ್ಕಿನ ಒಂದು ಹಾಳೆಯ ಅರ್ಧದಷ್ಟು. ಬೆಳೆದದ್ದು ನಿಜ. ಆದರೆ ನೋವಿನಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅತ್ತೆಯ ಕಾಗದ ಹೇಳುತ್ತಿದ್ದದ್ದು ಏನು? ಮೂರು ಇಂಜೆಕ್ಷನ್ನಿಗೆ ಕೀಲು ಹೊಸದಾಗುತ್ತದೆ ಅಂತ. ದೊಡ್ಡ ದೊಡ್ಡ ಪ್ರಯೋಗಾಲಯದವರು ಎರಡು ವರ್ಷ ಒದ್ದಾಡಿ ಅರ್ಧ ಹಾಳೆ ಗಳಿಸಿದ್ದಾರೆ! ಸವೆದ ಕಾರ್ಟಿಲೇಜನ್ನು ಮರಳಿ ತರುತ್ತದೆ ಎಂದು ಅಮೆರಿಕದ ಎಫ್‌ಡಿಎ ಒಪ್ಪಿದ ಆಸ್ಟಿಯೊ ಆರ್ಥ್ರೈಟಿಸ್ ಔಷಧಿ ಒಂದೂ ಇಲ್ಲ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಕಾಂಡಕೋಶ ಚಿಕಿತ್ಸೆಗೆ 2022ರಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರು ಮೊಣಕಾಲಿನ ಸವೆತಕ್ಕೆ ಅನುಮತಿ ಕೊಟ್ಟಿದ್ದಾರೆ. ಅದು ಔಷಧಿಯ ಅಣುವಲ್ಲ, ದಾನಿಗಳ ಅಸ್ಥಿಮಜ್ಜೆಯಿಂದ ಪಡೆದು ಬೆಳೆಸಿದ ಜೀವಕೋಶ. 146 ಜನರ ಪರೀಕ್ಷೆಯಲ್ಲಿ ನೋವು ಕಡಿಮೆಯಾದದ್ದು ಕಂಡಿದೆ, ಪದರ ಇನ್ನಷ್ಟು ಕೆಡದೆ ಉಳಿದದ್ದು ಕಂಡಿದೆ. ಉಳಿಯುವುದು ಬೇರೆ, ಹೊಸದಾಗಿ ಬೆಳೆಯುವುದು ಬೇರೆ. ಅದೂ ಮಧ್ಯಮ ಹಂತದ ಸವೆತಕ್ಕೆ, ಪೂರ್ತಿ ಸವೆದವರಿಗಲ್ಲ. ಯಾರಾದರೂ 'ಸ್ಟೆಮ್ ಸೆಲ್' ಅಂತ ಹೇಳಿದರೆ ಯಾವುದು, ಅನುಮತಿ ಇದೆಯೇ, ನನ್ನ ಹಂತಕ್ಕೆ ಆಗುತ್ತದೆಯೇ, ಬಿಲ್ಲು ಕೊಡುತ್ತೀರಾ ಅಂತ ನಾಲ್ಕು ಪ್ರಶ್ನೆ ಕೇಳಿ. ಸೀರೆ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಕೇಳುತ್ತೇವೆ.

ಹಿರೇಕೆರೂರಿನ ಅಕ್ಕಂದಿರು ಕೇಳಿದ್ದು

ಈ ನಡುವೆ ಹಿರೇಕೆರೂರಿನಲ್ಲಿ ಗೆಳತಿಯ ಮನೆಯ ಸೀಮಂತಕ್ಕೆ ಹೋಗಿದ್ದೆ. ಆರತಿ ಮುಗಿದ ಮೇಲೆ ಮಾತು ಮೊಣಕಾಲಿಗೇ ಬಂತು. ಹತ್ತು ಜನ ಕೂತಿದ್ದರೆ ಆರು ಜನ ಮೊಣಕಾಲು ಹಿಡಿದುಕೊಂಡವರು!

"ನಾ ಗ್ಲೂಕೋಸಮೈನ್ ಗುಳಿಗಿ ಒಂದು ವರ್ಷದಿಂದ ತಗೋಳಾಕತ್ತೀನಿ, ಅದು ಕಾರ್ಟಿಲೇಜ್ ಬೆಳಸತೈತಿ ಅಂತಾರಲ್ಲ?" ಅಂದರು ಒಬ್ಬರು. ಅಮೆರಿಕದಲ್ಲಿ 1,583 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಒಟ್ಟಾರೆ ನೋಡಿದರೆ ಗ್ಲೂಕೋಸಮೈನ್ ಆಗಲಿ ಕಾಂಡ್ರಾಯಿಟಿನ್ ಆಗಲಿ ಹುಸಿ ಗುಳಿಗೆಗಿಂತ ಮೇಲೇನೂ ಮಾಡಲಿಲ್ಲ. ತಮಾಷೆ ಎಂದರೆ ಹುಸಿ ಗುಳಿಗೆ ನುಂಗಿದವರಲ್ಲೂ ನೂರಕ್ಕೆ ಅರವತ್ತು ಜನರ ನೋವು ಕಡಿಮೆಯಾಗಿತ್ತು. ಹಾಗಾಗಿ 'ನನಗೆ ಗುಣ ಬಂತು' ಅನ್ನುವವರ ಮಾತು ಸುಳ್ಳಲ್ಲ, ಆದರೆ ಗುಳಿಗೆಯಿಂದಲೇ ಬಂತು ಅನ್ನಲಾಗುವುದಿಲ್ಲ. ತಿಂಗಳಿಗೆ ನೂರಾರು ರೂಪಾಯಿ ಕೊಡುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿ.

ಇನ್ನೊಬ್ಬರು ಮೂರು ತಿಂಗಳಿಗೊಮ್ಮೆ ಕೀಲಿಗೆ ಸ್ಟೀರಾಯ್ಡ್ ಹಾಕಿಸಿಕೊಳ್ಳುತ್ತಿದ್ದರು. ತಡೆಯಲಾರದ ನೋವು, ಊತ ಇದ್ದಾಗ ಡಾಕ್ಟರು ಅದನ್ನು ಒಮ್ಮೊಮ್ಮೆ ಕೊಡುತ್ತಾರೆ, ಕೆಲವು ವಾರ ಆರಾಮ ಸಿಗುತ್ತದೆ. ಆದರೆ ಇದನ್ನೇ ರೂಢಿ ಮಾಡಿಕೊಂಡರೆ? 2017ರಲ್ಲಿ ಬಂದ ಅಧ್ಯಯನದಲ್ಲಿ 140 ಜನರಿಗೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಅರ್ಧ ಜನಕ್ಕೆ ಸ್ಟೀರಾಯ್ಡ್, ಅರ್ಧ ಜನಕ್ಕೆ ಉಪ್ಪುನೀರು ಕೊಟ್ಟರು. ಕೊನೆಗೆ ನೋವಿನಲ್ಲಿ ವ್ಯತ್ಯಾಸ ಇರಲಿಲ್ಲ. ಸ್ಟೀರಾಯ್ಡ್ ಪಡೆದವರ ಪದರ ಮಾತ್ರ ಹೆಚ್ಚು ಸವೆದಿತ್ತು. ಇದನ್ನು ಹೇಳಿದಾಗ ಆ ಅಕ್ಕ ನನ್ನ ಮುಖವನ್ನೇ ನೋಡುತ್ತ ಕೂತುಬಿಟ್ಟರು. ನನಗೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಆದರೂ ಹೇಳಬೇಕಾದ ಮಾತು.

ಹಾಗೆಯೇ, ಎಲ್ಲ ಕೀಲುನೋವೂ ಸವೆತವಲ್ಲ. ಬೆಳಿಗ್ಗೆ ಎದ್ದಾಗ ಎರಡೂ ಕೈಬೆರಳು ಗಂಟೆಗಟ್ಟಲೆ ಬಿಗಿದಿದ್ದರೆ ಅದು ರುಮಟಾಯ್ಡ್ ಇರಬಹುದು, ಅದಕ್ಕೆ ಬೇರೆಯೇ ಔಷಧಿಗಳಿವೆ, ತಡಮಾಡಿದರೆ ಬೆರಳು ಸೊಟ್ಟಗಾಗುತ್ತವೆ. 2006ರ ಚಿಕೂನ್‌ಗುನ್ಯಾ ಯಾರು ಮರೆತಾರು? ಅದರ ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯಿತು. ಹಿರೇಕೆರೂರಿನಿಂದ ಶಿಕಾರಿಪುರದ ಆಚೆ, ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಎಪ್ಪತ್ತರ ದಶಕದಲ್ಲಿ ಬೆಳಕಿಗೆ ಬಂದ 'ಹಂದಿಗೋಡು ಕಾಯಿಲೆ' ವಂಶಪಾರಂಪರ್ಯದ್ದು, ಚಿಕ್ಕ ವಯಸ್ಸಿನವರ ಸೊಂಟದ ಕೀಲನ್ನೇ ಹಿಡಿಯುವಂಥದ್ದು. ಕೀಲು ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪಕ್ಕದ ಮನೆಯವರ ಗುಳಿಗೆ ಇಸಿದುಕೊಂಡು ನುಂಗಬೇಡಿ. ನೋವಿನ ಗುಳಿಗೆಯೂ ಅಷ್ಟೆ, ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇದ್ದವರು ಕೇಳದೆ ಮುಟ್ಟಲೇಬಾರದು.

ಈಗ ಕೈಯಲ್ಲಿರುವುದು

ಔಷಧಿ ಬರುವವರೆಗೆ ಸುಮ್ಮನೆ ಕೂರಬೇಕೇ? ಖಂಡಿತ ಬೇಡ. ಕೂತರೆ ಸ್ಪಂಜಿಗೆ ನೀರೇ ಹೋಗುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ!

ಶಿಗ್ಗಾವಿಯಲ್ಲಿರುವ ನನ್ನ ತಂಗಿಗೆ ಮೂವತ್ತೆಂಟು ವರ್ಷ. ಎರಡನೇ ಹೆರಿಗೆಯ ನಂತರ ತೂಕ ಎಂಬತ್ತು ದಾಟಿದೆ. ಮೆಟ್ಟಿಲು ಇಳಿಯುವಾಗ ಮೊಣಕಾಲು ಕಟಕಟ ಅನ್ನುತ್ತದೆ. "ಅಕ್ಕಾ, ನನಗೂ ಅತ್ತಿಯವರಂಗ ಆಗತೈತೇನು?" ಅಂತ ಅಂಜುತ್ತಾಳೆ. ಬರೀ ಸಪ್ಪಳಕ್ಕೆ ಅಂಜಬೇಕಿಲ್ಲ ಅಂದರು ಡಾಕ್ಟರು, ತೂಕಕ್ಕೆ ಅಂಜಬೇಕು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಅಲ್ಲಿಯ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಹೆಂಗಸರನ್ನು ನೋಡಿ 1992ರಲ್ಲಿ ಬಂದ ವರದಿ ಇನ್ನೂ ಚೆನ್ನಾಗಿದೆ. ಹತ್ತು ವರ್ಷದಲ್ಲಿ ಸುಮಾರು 5 ಕಿಲೋ ಇಳಿಸಿಕೊಂಡವರಲ್ಲಿ ಮೊಣಕಾಲಿನ ಸವೆತದ ನೋವು ಬರುವ ಸಂಭವ ಅರ್ಧಕ್ಕಿಂತ ಕಡಿಮೆಯಾಗಿತ್ತು. ಐದೇ ಕಿಲೋ! 2024ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ, ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಪಡೆದ ಸ್ಥೂಲಕಾಯದವರ ಮೊಣಕಾಲು ನೋವು ಗಣನೀಯವಾಗಿ ಇಳಿಯಿತು. ಕಾರ್ಟಿಲೇಜನ್ನು ಗುರಿಯಿಟ್ಟ ಔಷಧಿಯಲ್ಲ ಅದು. ಕೇಳಿ ಅಂಗಡಿಯಿಂದ ತರುವಂಥದ್ದೂ ಅಲ್ಲ, ಡಾಕ್ಟರೇ ಹೇಳಬೇಕು.

ತಂಗಿ ಸದ್ಯ ಸಂಜೆಯ ಬೇಕರಿ ತಿಂಡಿ ಬಿಟ್ಟಿದ್ದಾಳೆ, ಸವಣೂರ ಖಾರ ಬಿಟ್ಟಿಲ್ಲ. ಅದನ್ನು ಬಿಡಿಸುವ ಧೈರ್ಯ ನನಗೂ ಇಲ್ಲ.

ಅತ್ತೆಯನ್ನು ಹುಬ್ಬಳ್ಳಿಯ ಮೂಳೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು, ನನ್ನ ಗಂಡನಿಗೂ ಹೇಳಿಯೇ. ಎಕ್ಸ್‌ರೇ ನೋಡಿದರು. ಬಣ್ಣದ ಕಾಗದವನ್ನೂ ಓದಿದರು. "ಅಮ್ಮಾ, ಇದರಾಗ ಏನು ಔಷಧಿ ಅಂತ ಹೆಸರನ್ನೇ ಬರದಿಲ್ಲ ನೋಡ್ರಿ" ಅಂದರು. ಅಷ್ಟು ಹೊತ್ತು ಆ ಕಾಗದ ಓದಿದ ನನಗೂ ಅದು ಹೊಳೆದಿರಲಿಲ್ಲ! ಈಗಲೇ ಆಪರೇಷನ್ ಬೇಡ, ಮುಂದೆ ಬೇಕಾದೀತು, ಆಗ ಹೆದರಬಾರದು, ಕೃತಕ ಮೊಣಕಾಲಿನ ಬೆಲೆಗೆ ಸರ್ಕಾರ 2017ರಲ್ಲೇ ಮಿತಿ ಹಾಕಿದೆ ಎಂದರು.

ಆಮೇಲೆ ಒಂದು ಟವೆಲ್ ಸುರುಳಿ ಸುತ್ತಿ ಅತ್ತೆಯ ಮೊಣಕಾಲಿನ ಕೆಳಗೆ ಇಟ್ಟು, "ಇದನ್ನ ಕೆಳಗ ಒತ್ತರಿ, ಐದು ಎಣಿಸಿ ಬಿಡ್ರಿ" ಅಂದರು. ಮುಂಜಾನೆ ಹತ್ತು ಸಲ, ಸಂಜೆ ಹತ್ತು ಸಲ, ಎರಡೂ ಕಾಲಿಗೆ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರವನ್ನು ಅದು ಹಂಚಿಕೊಳ್ಳುತ್ತದಂತೆ. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹಿಡಿಯುವುದು ಇನ್ನೊಂದು. ದಿನಾ ಸಮತಟ್ಟು ರಸ್ತೆಯಲ್ಲಿ ನಡಿಗೆ, ನೋವು ತಾಳುವಷ್ಟು.

ಮನೆಯಲ್ಲಿ ನಾವೇ ಕೆಲವು ಬದಲಾವಣೆ ಮಾಡಿದೆವು. ಕಮೋಡ್ ಹಾಕಿಸಿದ್ದು ಮೊದಲು. ಈಳಿಗೆ ಮಣೆ ಅಟ್ಟ ಸೇರಿತು, ಚಾಕು ಬಂತು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ನಿಂತಿತು, ಕಟ್ಟೆಯ ಮೇಲೆ ನಿಂತುಕೊಂಡೇ ಬಡಿಯುತ್ತಾರೆ, ಮೊದಲೆರಡು ವಾರ ರೊಟ್ಟಿ ದುಂಡಗೆ ಬರಲಿಲ್ಲ ಅಂತ ಮುನಿಸು. ಎಲೆ ಎಣಿಸುವುದಕ್ಕೆ ಒಂದು ಎತ್ತರದ ಮೇಜು, ಒಂದು ಕುರ್ಚಿ. ಇಷ್ಟಕ್ಕೆಲ್ಲ ಖರ್ಚಾದದ್ದು ಒಂದು ಕಾಲಿನ ಇಂಜೆಕ್ಷನ್ನಿನ ದುಡ್ಡಿನ ಅರ್ಧವೂ ಅಲ್ಲ.

ನೋವು ಪೂರ್ತಿ ಹೋಗಿದೆಯೇ ಅಂತ ಕೇಳಿದರೆ ಇಲ್ಲ. ಮಳೆಗಾಲದಲ್ಲಿ ಇನ್ನೂ ನರಳುತ್ತಾರೆ. ಆದರೆ ಎದ್ದು ಕೂಡುವುದು ಈಗ ಕಷ್ಟವಿಲ್ಲ, ದೊಡ್ಡಹುಣಸೆ ಮರದ ಮಠದ ತನಕ ಒಬ್ಬರೇ ನಡೆದು ಹೋಗಿ ಬರುತ್ತಾರೆ. ಪಾಟ್ಲಿ ಕೈಯಲ್ಲೇ ಇದೆ.

ಹೋದ ವಾರ ಸವಣೂರಿಗೆ ಹೋದಾಗ ಎಲೆ ಎಣಿಸುತ್ತಲೇ ಕೇಳಿದರು:

"ಬೆಂಗಳೂರಿನ್ಯಾಗ ಮಾಡಾಕತ್ತಿದ್ರಲ್ಲ, ಆ ಔಷಧಿ ಬಂತೇನವಾ?"

"ಇನ್ನೂ ಇಲ್ಲ ಅತ್ತಿ. ಇಲಿಗೆ ಕೊಟ್ಟು ನೋಡ್ಯಾರ."

"ಇಲಿಗೆ ಕಡಿಮಿ ಆತಂತೇನು?"

"ಆತಂತ."

"ಪುಣ್ಯವಂತ ಇಲಿ" ಅಂದು ನಕ್ಕು, ಕಟ್ಟು ಬದಿಗಿಟ್ಟು, ಟವೆಲ್ ಸುರುಳಿ ಸುತ್ತಿಕೊಂಡು ಮಂಚ ಹತ್ತಿದರು.